ಹಗುರ ರೈಫಲ್‌ನ ಗುರಿ ತಪ್ಪುತ್ತದೆಯೇ? ಫಾರ್ವರ್ಡ್ ವಿಡಿಯೋಗಳು ಬಿಟ್ಟುಬಿಡುವ ಲೆಕ್ಕ

"ನಳಿಗೆ ದಪ್ಪ ಇದ್ದಷ್ಟೂ ಗುರಿ ಪಕ್ಕಾ, ಹಗುರ ಬಂದೂಕು ಬರೀ ಶೋಕಿಗೆ" ಎನ್ನುವ ವಿಡಿಯೋ ಒಂದು ಕಡೆ. ಎರಡೂವರೆ ಕೆಜಿಯ ರೈಫಲ್‌ನಿಂದ ಮೂರು ಗುಂಡು ಹಾರಿಸಿ, ಮೂರೂ ತೂತುಗಳನ್ನು ಒಂದು ನಾಣ್ಯದಿಂದ ಮುಚ್ಚಿ ತೋರಿಸುವ ವಿಡಿಯೋ ಇನ್ನೊಂದು ಕಡೆ. ವಿದೇಶದ ಬೇಟೆ ವಿಡಿಯೋಗಳಿಗೆ ಯಾರೋ ಕನ್ನಡ ಸಾಲು ಸೇರಿಸಿ ಹಂಚುವುದರಿಂದ ಇವೆರಡೂ ಒಂದೇ ಗ್ರೂಪಿಗೆ ಬಂದು ಬೀಳುವುದುಂಟು. ಮೊದಲನೆಯದು ಅರ್ಧ ನಿಜ. ಎರಡನೆಯದು ನಿಜವೇ ಇರಬಹುದು, ಆದರೆ ಅದರಿಂದ ಸಾಬೀತಾಗುವುದು ಬಹಳ ಕಡಿಮೆ. ಯಾಕೆ ಅಂತ ನೋಡೋಣ.

ಮೊದಲೇ ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ಶೋಕಿಯ ಬೇಟೆಗೆ ಅವಕಾಶ ಇಲ್ಲ. ಇಲ್ಲಿ ಹೇಳುವ ರೈಫಲ್‌ಗಳ ಊರು ಅಮೆರಿಕದ ರಾಕಿ ಪರ್ವತ, ಅಲಾಸ್ಕ, ನ್ಯೂಜಿಲೆಂಡಿನ ದಕ್ಷಿಣ ಆಲ್ಪ್ಸ್. ನಮಗಿಲ್ಲಿ ಬೇಕಿರುವುದು ಅದರ ಭೌತಶಾಸ್ತ್ರ. ಕಾನೂನಿನ ವಿಷಯಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇವೆ.

ಹಗುರ ಯಾಕೆ ಬೇಕು?

ಒಲಿಂಪಿಕ್ಸ್‌ನಲ್ಲಿ 10 ಮೀಟರ್ ಏರ್ ರೈಫಲ್‌ನ ತೂಕ 5.5 ಕೆಜಿವರೆಗೂ ಇರಬಹುದು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಅಲ್ಲಿ ರೈಫಲ್ ಹೊತ್ತು ಗುಡ್ಡ ಹತ್ತುವ ಕೆಲಸ ಇಲ್ಲ. ಹಾಗಾಗಿ ತೂಕ ಒಳ್ಳೆಯದೇ, ಅದು ಕೈ ನಡುಕವನ್ನು ಹೀರಿಕೊಳ್ಳುತ್ತದೆ.

ನ್ಯೂಜಿಲೆಂಡಿನಲ್ಲಿ ಟಾರ್ ಎಂಬ ಕಾಡಾಡಿನ ಬೇಟೆ ಬೇರೆಯೇ ಕಥೆ. ಟಾರ್ ಮೂಲತಃ ನಮ್ಮ ಹಿಮಾಲಯದ ಪ್ರಾಣಿ. 1904ರಲ್ಲಿ ಅದನ್ನು ಅಲ್ಲಿಗೆ ಒಯ್ದು ಬಿಟ್ಟರು. ತಿನ್ನುವ ಮೃಗಗಳಿಲ್ಲದೆ ಅದು ಬೆಳೆದು ಗಿಡಗಂಟಿ ಬೋಳು ಮಾಡಿತು, ಈಗ ಸಂಖ್ಯೆ ತಗ್ಗಿಸಲು ಸರ್ಕಾರವೇ ಕೊಲ್ಲಿಸುತ್ತದೆ. ಅದು ಇರುವುದು ಕಡಿದಾದ ಬಂಡೆಗಳ ಮೇಲೆ. ಸ್ಕೋಪ್ ಸೇರಿ ನಾಲ್ಕು ಕೆಜಿ ದಾಟುವ ರೈಫಲ್ ಹೊತ್ತು ಇಡೀ ದಿನ ಹತ್ತಿದವನ ಎದೆ ಬಡಿತವೇ ಗುರಿ ಕೆಡಿಸುತ್ತದೆ. ಹಗುರ ಬೇಕು ಎನ್ನುವುದು ಅಲ್ಲಿಂದ ಹುಟ್ಟಿದ ಬೇಡಿಕೆ. ಅಮೆರಿಕದ ವಿಂಚೆಸ್ಟರ್ ಕಂಪನಿ 1952ರಲ್ಲೇ ತನ್ನ ಮಾಡೆಲ್ 70ಕ್ಕೆ ತೆಳು ನಳಿಗೆ, ಅಲ್ಯೂಮಿನಿಯಂ ಬಿಡಿಭಾಗ ಹಾಕಿ 'ಫೆದರ್‌ವೇಟ್' ಎಂದು ಮಾರಿತ್ತು.

ಗುಂಡು ನಳಿಗೆಯೊಳಗೆ ಇರುವಷ್ಟು ಹೊತ್ತು

ಟ್ರಿಗರ್ ಬಿಟ್ಟಾಗ ಗುಂಡು ನಳಿಗೆಯಲ್ಲಿ ಇರುವುದು ಒಂದರಿಂದ ಒಂದೂವರೆ ಮಿಲಿಸೆಕೆಂಡು. ಅಷ್ಟರಲ್ಲೇ ರೈಫಲ್ ಹಿಂದಕ್ಕೆ ಚಲಿಸಲು ಶುರುಮಾಡಿರುತ್ತದೆ. .308 ವಿಂಚೆಸ್ಟರ್ ಎಂಬ ಸಾಮಾನ್ಯ ತೋಟಾದ ಲೆಕ್ಕ ನಾವೇ ಹಾಕಿ ನೋಡಿದೆವು: 4 ಕೆಜಿ ರೈಫಲ್ ಗುಂಡು ಹೊರಬೀಳುವ ಮುನ್ನ ಸುಮಾರು ಒಂದೂವರೆ ಮಿಲಿಮೀಟರ್ ಹಿಂದೆ ಸರಿದರೆ, 2.7 ಕೆಜಿಯದ್ದು ಎರಡು ಮಿಲಿಮೀಟರ್‌ಗಿಂತ ತುಸು ಹೆಚ್ಚು. ಹೆಗಲಿಗೆ ಬರುವ ಒದೆತದ ಶಕ್ತಿ ಮೊದಲನೆಯದರಲ್ಲಿ ಸುಮಾರು 19 ಜೂಲ್, ಎರಡನೆಯದರಲ್ಲಿ 28. ತೂಕ ಮೂರನೇ ಒಂದು ಪಾಲು ಇಳಿದರೆ ಒದೆತ ಹೆಚ್ಚುಕಮ್ಮಿ ಒಂದೂವರೆ ಪಟ್ಟು.

ಈ ಎರಡು ಮಿಲಿಮೀಟರ್ ಚಲನೆ ಪ್ರತಿ ಸಲವೂ ಒಂದೇ ದಿಕ್ಕಿಗೆ, ಒಂದೇ ರೀತಿ ಆದರೆ ಗುರಿಗೇನೂ ತೊಂದರೆ ಇಲ್ಲ. ಒಂದು ಸಲ ಬಿಗಿಯಾಗಿ, ಇನ್ನೊಂದು ಸಲ ಸಡಿಲವಾಗಿ ಹಿಡಿದರೆ ಮಾತ್ರ ಗುಂಡು ಬೇರೆ ಬೇರೆ ಕಡೆ ಬೀಳುತ್ತದೆ. ಭಾರದ ರೈಫಲ್ ಇಂಥ ತಪ್ಪನ್ನು ನುಂಗಿಕೊಳ್ಳುತ್ತದೆ, ಹಗುರದ್ದು ನುಂಗುವುದಿಲ್ಲ. ಹಾಗಾಗಿ ಹಗುರ ರೈಫಲ್ ಬಳಸುವವರು ಮುಂಭಾಗವನ್ನು ಮರಳುಚೀಲದ ಮೇಲೆ ಸುಮ್ಮನೆ ಇಟ್ಟುಬಿಡದೆ, ಕೈಯಿಂದ ಒತ್ತಿ ಹಿಡಿದೇ ಗುಂಡು ಹಾರಿಸುತ್ತಾರೆ. "ಹಗುರದ್ದು ಗುರಿ ತಪ್ಪುತ್ತದೆ" ಎಂಬ ಮಾತಿನಲ್ಲಿರುವ ಅರ್ಧ ನಿಜ ಇದೇ.

ಜೊತೆಗೆ ಮನುಷ್ಯನ ಭಯವೂ ಇದೆ. ಒದೆತ ಜೋರಾಗಿದ್ದರೆ ನಾಲ್ಕೈದು ಈಡಿನ ನಂತರ ಕಣ್ಣು ತಾನಾಗಿ ಮುಚ್ಚುತ್ತದೆ, ಹೆಗಲು ಮೊದಲೇ ಮುದುಡುತ್ತದೆ. ಸ್ಕೋಪಿಗೆ ತೀರಾ ಹತ್ತಿರ ಕಣ್ಣಿಟ್ಟವರ ಹುಬ್ಬು ಹರಿದು ಹೊಲಿಗೆ ಬೀಳುವುದೂ ಇದೆ. ಇದಕ್ಕೆ ಪರಿಹಾರವೆಂದು ನಳಿಗೆಯ ತುದಿಗೆ ಮಜಲ್ ಬ್ರೇಕ್ ಎಂಬ ತೂತುಗಳ ಸಾಧನ ಹಾಕುತ್ತಾರೆ. ಅದು ಹೊಗೆಯನ್ನು ಅಕ್ಕಪಕ್ಕಕ್ಕೆ ತಿರುಗಿಸಿ ಒದೆತ ಇಳಿಸುವುದು ನಿಜ. ಆದರೆ ಸದ್ದೂ ಅಕ್ಕಪಕ್ಕಕ್ಕೇ ತಿರುಗುತ್ತದೆ. ಬೇಟೆ ರೈಫಲ್‌ನ ಸದ್ದು ಹೇಗೂ ಕಿವಿಗೆ ಅಪಾಯದ ಗಡಿಯಾದ 140 ಡೆಸಿಬೆಲ್ ದಾಟಿರುತ್ತದೆ, ಬ್ರೇಕ್ ಇದ್ದರೆ ಪಕ್ಕದಲ್ಲಿ ನಿಂತವರ ಪಾಡು ಇನ್ನೂ ಕಷ್ಟ. ವಿಡಿಯೋದಲ್ಲಿ ಇದು ಗೊತ್ತಾಗುವುದಿಲ್ಲ, ಫೋನಿನ ಮೈಕ್ ಸದ್ದನ್ನು ಕತ್ತರಿಸಿಬಿಟ್ಟಿರುತ್ತದೆ.

ನಳಿಗೆ ತೆಳುವಾದರೆ?

ಗುಂಡು ಹಾರುವಾಗ ಉಕ್ಕಿನ ನಳಿಗೆ ಕೋಲಿನ ಹಾಗೆ ಅದುರುತ್ತದೆ. ಬಾಗದೆ ನಿಲ್ಲುವ ಗುಣ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. 20 ಮಿಲಿಮೀಟರ್ ದಪ್ಪದ ನಳಿಗೆಯನ್ನು 16ಕ್ಕೆ ಇಳಿಸಿದರೆ ತೂಕ ನೂರಕ್ಕೆ ನಲವತ್ತರಷ್ಟು ಕಡಿಮೆಯಾಗುತ್ತದೆ, ಗಡಸುತನ ನೂರಕ್ಕೆ ಅರವತ್ತರಷ್ಟು. ನಷ್ಟದ ವ್ಯಾಪಾರ ಅನ್ನಿಸಬಹುದು.

ಆದರೆ ಉದ್ದದ್ದೂ ಒಂದು ಲೆಕ್ಕ ಇದೆ. ಒಂದು ತುದಿ ಬಿಗಿಯಾಗಿರುವ ಕೋಲಿನ ಬಾಗುವಿಕೆ ಉದ್ದದ ಮೂರನೇ ಘಾತಕ್ಕೆ ತಕ್ಕಂತೆ ಹೆಚ್ಚುತ್ತದೆ. 24 ಇಂಚಿನ ನಳಿಗೆಯನ್ನು 20 ಇಂಚಿಗೆ ಇಳಿಸಿದರೆ ಅದು ಸುಮಾರು 1.7 ಪಟ್ಟು ಹೆಚ್ಚು ಗಡಸು, ಹಗುರ ಬೇರೆ. ಗುಂಡಿನ ವೇಗ ಸೆಕೆಂಡಿಗೆ 30 ಮೀಟರ್ ಆಸುಪಾಸು ಇಳಿಯುತ್ತದೆ, ಅಷ್ಟೇ. "ಉದ್ದ ನಳಿಗೆ ಅಂದರೆ ನಿಖರ ನಳಿಗೆ" ಎಂಬ ನಂಬಿಕೆ ಇಲ್ಲಿಗೆ ನಿಲ್ಲುವುದಿಲ್ಲ. ಉದ್ದದಿಂದ ಸಿಗುವುದು ವೇಗ.

ನಳಿಗೆಯ ಮೇಲೆ ಉದ್ದಕ್ಕೂ ಗೀರು ಕೊರೆಯುವ 'ಫ್ಲೂಟಿಂಗ್' ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಗೀರು ಹಾಕಿದರೆ ನಳಿಗೆ ಗಟ್ಟಿಯಾಗುತ್ತದಂತೆ! ಲೋಹ ಕೆತ್ತಿ ತೆಗೆದ ಮೇಲೆ ಅದು ಮೊದಲಿಗಿಂತ ಗಟ್ಟಿಯಾಗುವುದು ಹೇಗೆ? ಅಷ್ಟೇ ತೂಕದ, ಗೀರಿಲ್ಲದ ತೆಳು ನಳಿಗೆಗಿಂತ ಗಟ್ಟಿ ಎನ್ನುವುದು ಸರಿಯಾದ ಹೇಳಿಕೆ.

ತೆಳು ನಳಿಗೆ ಬೇಗ ಬಿಸಿಯಾಗುತ್ತದೆ, ಬಿಸಿಯಾದಂತೆ ಗುಂಡು ಬೀಳುವ ಜಾಗ ಸರಿಯಬಹುದು. ಒಂದಾದ ಮೇಲೊಂದು ಹತ್ತು ಗುಂಡು ಹಾರಿಸುವವರಿಗೆ ಇದು ತಲೆನೋವು. ಬೇಟೆಯಲ್ಲಿ ಲೆಕ್ಕಕ್ಕೆ ಬರುವುದು ತಣ್ಣಗಿರುವ ನಳಿಗೆಯ ಮೊದಲ ಈಡು. ಆದ್ದರಿಂದ ಅನುಭವಿಗಳು ಪ್ರತಿ ಗುಂಡಿನ ನಡುವೆ ನಳಿಗೆ ಆರಲು ಬಿಟ್ಟೇ ಪರೀಕ್ಷೆ ಮಾಡುತ್ತಾರೆ.

ಮರ ಮತ್ತು ಲೋಹ ಸೇರುವ ಜಾಗ

ನಿಖರತೆ ಸುಧಾರಿಸಿದ ಕಥೆಗಳಲ್ಲಿ ಹೆಚ್ಚಿನವು ನಳಿಗೆಯದ್ದಲ್ಲ, ಸ್ಟಾಕ್‌ನದ್ದು. ಹೆಗಲಿಗೆ ಕೊಡುವ ಮರದ ಭಾಗ ಮಳೆಗಾಲದಲ್ಲಿ ನಮ್ಮ ಮನೆ ಬಾಗಿಲು ಬಿಗಿಯುವ ಹಾಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉಬ್ಬಿದ ಮರ ನಳಿಗೆಯನ್ನು ಒಂದು ಬದಿಯಿಂದ ಒತ್ತಿದರೆ ನಿನ್ನೆ ಸರಿಯಿದ್ದ ಗುರಿ ಇವತ್ತು ಇಲ್ಲ. ಇದಕ್ಕೆ ಲೋಹ ಕೂರುವ ಜಾಗದಲ್ಲಿ ಎಪಾಕ್ಸಿ ತುಂಬಿ ಸಂದಿಲ್ಲದಂತೆ ಮಾಡುವ 'ಬೆಡ್ಡಿಂಗ್', ನಳಿಗೆಗೆ ಮರ ತಾಗದಂತೆ ಸುತ್ತ ಜಾಗ ಬಿಡುವ 'ಫ್ರೀ ಫ್ಲೋಟಿಂಗ್' ಎರಡೂ ರೂಢಿಯಲ್ಲಿವೆ. ಒಂದು ಕಾಗದದ ಚೂರು ನಳಿಗೆಯ ಕೆಳಗೆ ಸಲೀಸಾಗಿ ಜಾರಿದರೆ ಜಾಗ ಇದೆ ಎಂದರ್ಥ.

ಫ್ರೀ ಫ್ಲೋಟಿಂಗ್ ಒಂದೇ ದಾರಿ ಎಂದು ಹೇಳುವವರಿಗೆ ಮೆಲ್ವಿನ್ ಫೋರ್ಬ್ಸ್ ಒಳ್ಳೆಯ ಉತ್ತರ. ಅಮೆರಿಕದ ವೆಸ್ಟ್ ವರ್ಜೀನಿಯಾದ ಈತ 1980ರ ದಶಕದ ಮಧ್ಯದಲ್ಲಿ ಅಲ್ಟ್ರಾ ಲೈಟ್ ಆರ್ಮ್ಸ್ ಹೆಸರಿನಲ್ಲಿ ಸ್ಕೋಪ್ ಬಿಟ್ಟು ಸುಮಾರು 5 ಪೌಂಡ್, ಅಂದರೆ 2.3 ಕೆಜಿ ಆಸುಪಾಸಿನ ರೈಫಲ್ ಮಾಡಿದರು. ಕೆವ್ಲಾರ್ ಮತ್ತು ಗ್ರಾಫೈಟ್‌ನ ಸ್ಟಾಕ್ ಹಾಕಿ, ತೆಳು ನಳಿಗೆಯನ್ನು ತುದಿಯವರೆಗೂ ಅದಕ್ಕೆ ಸಮನಾಗಿ ಕೂರಿಸಿದರು. ಗಡಸಾದ ಸ್ಟಾಕ್ ನಳಿಗೆಯ ಅದುರುವಿಕೆಗೆ ತಡೆಯಾಯಿತು. ಈ ರೈಫಲ್‌ಗಳು ನಿಖರತೆಗೆ ಹೆಸರಾದವು.

ಮೂರು ಗುಂಡು, ಒಂದು ನಾಣ್ಯ

ಈಗ ನಾಣ್ಯದ ವಿಡಿಯೋ. ಬಂದೂಕಿನ ನಿಖರತೆಯನ್ನು ಮಿನಿಟ್ ಆಫ್ ಆ್ಯಂಗಲ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ, 100 ಮೀಟರ್ ದೂರದಲ್ಲಿ 2.9 ಸೆಂಟಿಮೀಟರ್. ಮೂರು ತೂತು ಒಂದು ನಾಣ್ಯದಡಿ ಬಂದರೆ ರೈಫಲ್ ಒಂದು ಮಿನಿಟ್‌ನದ್ದು ಎಂಬುದು ವಿಡಿಯೋದ ವಾದ.

ಗುಂಡುಗಳು ಬೀಳುವುದು ಯಾದೃಚ್ಛಿಕವಾಗಿ. ಸಂಖ್ಯಾಶಾಸ್ತ್ರದ ಪ್ರಕಾರ ಅದೇ ರೈಫಲ್, ಅದೇ ಕೈಯಿಂದ ಹತ್ತು ಗುಂಡು ಹಾರಿಸಿದರೆ ಗುಂಪಿನ ಅಗಲ ಸರಾಸರಿ ಮೂರು ಗುಂಡಿನ ಗುಂಪಿಗಿಂತ ಸುಮಾರು 1.6 ಪಟ್ಟು ದೊಡ್ಡದು. ರೈಫಲ್ ಕೆಟ್ಟಿರುವುದಿಲ್ಲ, ಮೂರು ಗುಂಡು ಕಡಿಮೆ ತೋರಿಸುತ್ತವೆ. ಅದರಲ್ಲೂ ಐದಾರು ಗುಂಪು ಹಾರಿಸಿ, ಚೆನ್ನಾಗಿ ಬಂದ ಒಂದನ್ನು ಮಾತ್ರ ಹಾಕಿದರೆ? ಪರೀಕ್ಷೆಯಲ್ಲಿ ಒಳ್ಳೆ ಅಂಕ ಬಂದ ವಿಷಯದ ಉತ್ತರಪತ್ರಿಕೆ ಮಾತ್ರ ಮನೆಯಲ್ಲಿ ತೋರಿಸಿದ ಹಾಗೆ.

ಇನ್ನು ಇದರ ಅಗತ್ಯ ಎಷ್ಟು? ಜಿಂಕೆಯಂಥ ಪ್ರಾಣಿಯ ಹೃದಯ, ಶ್ವಾಸಕೋಶದ ಜಾಗ ಸುಮಾರು 20 ಸೆಂಟಿಮೀಟರ್ ಅಗಲ. 200 ಮೀಟರ್ ದೂರದಲ್ಲಿ ಒಂದು ಮಿನಿಟ್‌ನ ರೈಫಲ್ 6 ಸೆಂಟಿಮೀಟರ್ ಒಳಗೆ, ಎರಡು ಮಿನಿಟ್‌ನದ್ದು 12 ಸೆಂಟಿಮೀಟರ್ ಒಳಗೆ ಹಾಕುತ್ತದೆ. ಎರಡೂ ಸಾಕು. ಏದುಸಿರು ಬಿಡುತ್ತಾ, ಓರೆ ನಿಂತು, ಗಾಳಿಗೆ ಗುಂಡು ಹಾರಿಸುವವನ ತಪ್ಪು ಇವೆರಡಕ್ಕಿಂತಲೂ ದೊಡ್ಡದು. ಆ ತಪ್ಪಿನ ಬೆಲೆ ಹೊಟ್ಟೆಗೆ ಗುಂಡು ತಗುಲಿ ಗಂಟೆಗಟ್ಟಲೆ ನರಳಿ ಸಾಯುವ ಪ್ರಾಣಿ. ನಾಣ್ಯದ ವಿಡಿಯೋ ನೋಡಿ 500 ಮೀಟರ್ ದೂರದ ಈಡಿಗೆ ಧೈರ್ಯ ಮಾಡುವುದು ನಮ್ಮ ದೃಷ್ಟಿಯಲ್ಲಿ ಕ್ರೌರ್ಯವೇ.

ಟ್ರಿಗರ್‌ಗೆ ಕೈ ಹಾಕುವ ಮುನ್ನ

ಎರಡೂವರೆ ಕೆಜಿ ರೈಫಲ್‌ನ ಟ್ರಿಗರ್ ಎಳೆಯಲು ಎರಡೂವರೆ ಕೆಜಿ ಬಲ ಬೇಕಾದರೆ ಬೆರಳಿನ ಜೊತೆ ರೈಫಲ್ಲೇ ವಾಲುತ್ತದೆ. ಅದಕ್ಕೇ ಟ್ರಿಗರ್ ಹಗುರ ಮಾಡಿಸುತ್ತಾರೆ. ಗುರಿಗೆ ಇದರಿಂದ ಉಪಯೋಗವಿದೆ, ಆದರೆ ಎಲ್ಲಕ್ಕಿಂತ ಅಪಾಯದ ಕೆಲಸವೂ ಇದೇ. 2014ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪನಿ, 2006ರಿಂದ ಮಾರಿದ್ದ ಮಾಡೆಲ್ 700 ಮತ್ತು ಮಾಡೆಲ್ ಸೆವೆನ್ ರೈಫಲ್‌ಗಳನ್ನು ವಾಪಸ್ ಕರೆಯಿತು. ಜೋಡಣೆಯಲ್ಲಿ ಬಳಸಿದ ಅಂಟು ಹೆಚ್ಚಾಗಿ, ಕೆಲವು ಸಂದರ್ಭಗಳಲ್ಲಿ ಬೆರಳಿಡದೆಯೇ ಗುಂಡು ಹಾರಬಹುದು ಎಂಬುದು ಕಾರಣ. ಕಾರ್ಖಾನೆಯಲ್ಲೇ ಒಂದು ಹನಿ ಅಂಟು ಇಷ್ಟು ಮಾಡಿದರೆ, ಅಡುಗೆಮನೆ ಮೇಜಿನ ಮೇಲೆ ಅರ ಹಿಡಿದು ಉಜ್ಜುವುದನ್ನು ಯೋಚಿಸಿ.

ತೂಕ ಇಳಿಸಲು ಅತಿ ಸುಲಭದ ಜಾಗ ಬಂದೂಕೇ ಅಲ್ಲ, ಅದರ ಮೇಲಿನ ಸ್ಕೋಪ್. ದೂರದ ಗುರಿಗೆಂದು ಮಾರುವ ದೊಡ್ಡ ಸ್ಕೋಪ್ 900 ಗ್ರಾಂ ತೂಗಬಹುದು. ಸಾದಾ, ಚಿಕ್ಕದು 350 ಗ್ರಾಂನಲ್ಲಿ ಮುಗಿಯುತ್ತದೆ. ಲೋಹ ಕೆತ್ತುವ ಪ್ರಶ್ನೆಯೇ ಬರುವುದಿಲ್ಲ.

ನಮ್ಮಲ್ಲಿ ಇದನ್ನು ಮಾಡಬಹುದೇ?

ಗರಗಸ ಹಿಡಿದು ನಳಿಗೆ ಕತ್ತರಿಸುವ ವಿಡಿಯೋ ನಿಮಗೂ ಬಂದಿದ್ದರೆ ಇಷ್ಟು ಗೊತ್ತಿರಲಿ: 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಬಂದೂಕಿನ ನಳಿಗೆ ಮೊಟಕು ಮಾಡುವುದು ಅಪರಾಧ. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ಈ ಪರವಾನಗಿ ಬೇರೆ. ವ್ಯಾಪಾರವಾಗಿ ರಿಪೇರಿ ಮಾಡುವವರಿಗೂ ಪರವಾನಗಿ ಬೇಕು.

ಕೊಡಗಿನ ಬಗ್ಗೆ ಕೇಳುವವರಿದ್ದಾರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕು ಲೈಸೆನ್ಸ್‌ನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುವುದು ಅಲ್ಲಿನ ಪದ್ಧತಿ. ಆ ವಿನಾಯಿತಿ ಬೇಟೆಗೆ ಕೊಟ್ಟ ಅನುಮತಿಯಲ್ಲ, ವನ್ಯಜೀವಿ ಕಾಯ್ದೆ ಅಲ್ಲಿಗೂ ಅನ್ವಯಿಸುತ್ತದೆ.