ವಿಡಿಯೊ ಸಹಾಯಕ ರೆಫರಿ

ವಿಡಿಯೊ ಸಹಾಯಕ ರೆಫರಿ (ವಿಎಆರ್) ಎಂಬುದು ಫುಟ್‌ಬಾಲ್ ಪಂದ್ಯದ ದೃಶ್ಯಗಳನ್ನು ಪರದೆಯ ಮೇಲೆ ಮರುವೀಕ್ಷಿಸಿ ಮೈದಾನದ ರೆಫರಿಗೆ ನೆರವಾಗುವ ಅಧಿಕಾರಿಯ ಹೆಸರು. ಇಡೀ ವ್ಯವಸ್ಥೆಯನ್ನೂ ಇದೇ ಹೆಸರಿನಿಂದ ಕರೆಯಲಾಗುತ್ತದೆ. ಫುಟ್‌ಬಾಲ್ ನಿಯಮಗಳನ್ನು ರೂಪಿಸುವ ಐಎಫ್‌ಎಬಿ ಮಂಡಳಿಯು 2018ರಲ್ಲಿ ಇದನ್ನು ನಿಯಮಾವಳಿಗೆ ಸೇರಿಸಿತು. ಇದು ತಪ್ಪು ತೀರ್ಪುಗಳನ್ನು ತಗ್ಗಿಸಿದೆ ಎಂಬ ಮೆಚ್ಚುಗೆಯಂತೆಯೇ, ಆಟದ ಓಟಕ್ಕೆ ಅಡ್ಡಿಯಾಗಿದೆ ಎಂಬ ಟೀಕೆಯೂ ಇದೆ.

ಹಿನ್ನೆಲೆ

1986ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಅರ್ಜೆಂಟೀನಾದ ಡಿಯಾಗೊ ಮರಡೋನಾ ಕೈಯಿಂದ ಗಳಿಸಿದ ಗೋಲು ಮಾನ್ಯವಾಯಿತು. 2009ರಲ್ಲಿ ಫ್ರಾನ್ಸ್‌ನ ಥಿಯರಿ ಹೆನ್ರಿ ಚೆಂಡನ್ನು ಕೈಯಿಂದ ತಡೆದು ಒದಗಿಸಿದ ಗೋಲಿನಿಂದಾಗಿ ಐರ್ಲೆಂಡ್ ಮರುವರ್ಷದ ವಿಶ್ವಕಪ್‌ನ ಅವಕಾಶವನ್ನು ಕಳೆದುಕೊಂಡಿತು. 2010ರ ವಿಶ್ವಕಪ್‌ನಲ್ಲಿ ಜರ್ಮನಿ ವಿರುದ್ಧ ಇಂಗ್ಲೆಂಡಿನ ಫ್ರಾಂಕ್ ಲ್ಯಾಂಪಾರ್ಡ್ ಒದ್ದ ಚೆಂಡು ಗೋಲು ರೇಖೆಯನ್ನು ದಾಟಿದ್ದರೂ ಗೋಲು ದೊರೆಯಲಿಲ್ಲ. ಇದರ ನಂತರ, 2012ರಲ್ಲಿ ಗೋಲು ರೇಖೆ ತಂತ್ರಜ್ಞಾನಕ್ಕೆ ಒಪ್ಪಿಗೆ ಸಿಕ್ಕಿತು. ವಿಎಆರ್‌ನ ಆರಂಭಿಕ ಪ್ರಯೋಗಗಳು ನೆದರ್ಲೆಂಡ್ಸ್‌ನಲ್ಲಿ ನಡೆದವು. ಜರ್ಮನಿ ಮತ್ತು ಇಟಲಿಯ ಪ್ರಮುಖ ಲೀಗ್‌ಗಳು ಇದನ್ನು 2017–18ರಲ್ಲಿಯೂ, ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2019–20ರಲ್ಲಿಯೂ ಅಳವಡಿಸಿಕೊಂಡವು.

ಕಾರ್ಯವಿಧಾನ

2018ರ ನಿಯಮದ ಪ್ರಕಾರ ನಾಲ್ಕು ಸಂದರ್ಭಗಳನ್ನು ಮಾತ್ರ ಪರಿಶೀಲಿಸಬಹುದು:

- ಗೋಲು
- ಪೆನಾಲ್ಟಿ
- ನೇರ ಕೆಂಪು ಕಾರ್ಡ್
- ಒಬ್ಬ ಆಟಗಾರನ ಬದಲು ಇನ್ನೊಬ್ಬನಿಗೆ ಶಿಕ್ಷೆ ವಿಧಿಸಿದ ಪ್ರಕರಣ

ಮೈದಾನದ ತೀರ್ಪಿನಲ್ಲಿ ಸ್ಪಷ್ಟವಾದ ತಪ್ಪಿದ್ದರೆ ಅಥವಾ ಗಂಭೀರ ಘಟನೆಯೊಂದು ರೆಫರಿಯ ಕಣ್ತಪ್ಪಿದ್ದರೆ ಮಾತ್ರ ಮಧ್ಯಪ್ರವೇಶಕ್ಕೆ ಅವಕಾಶವಿದೆ. ಅಂತಿಮ ತೀರ್ಮಾನ ಮೈದಾನದ ರೆಫರಿಯದೇ ಆಗಿರುತ್ತದೆ. 2022ರ ಕತಾರ್ ವಿಶ್ವಕಪ್‌ನಲ್ಲಿ ಅರೆ ಸ್ವಯಂಚಾಲಿತ ಆಫ್‌ಸೈಡ್ ತಂತ್ರಜ್ಞಾನ ಬಳಕೆಗೆ ಬಂದಿತು. ಇದರಲ್ಲಿ 12 ಕ್ಯಾಮೆರಾಗಳು ಪ್ರತಿ ಆಟಗಾರನ ದೇಹದ 29 ಬಿಂದುಗಳನ್ನು ಸೆಕೆಂಡಿಗೆ 50 ಬಾರಿ ಗುರುತಿಸುತ್ತಿದ್ದವು.

ಪರಿಣಾಮ

ಆಟಗಾರನ ಸ್ಥಾನ, ಚೆಂಡು ರೇಖೆಯನ್ನು ದಾಟಿದ್ದು ಮುಂತಾದ ಅಳೆಯಬಹುದಾದ ಸಂಗತಿಗಳಲ್ಲಿ ಮರುವೀಕ್ಷಣೆಯ ಪ್ರಯೋಜನ ಹೆಚ್ಚು. ವಿಎಆರ್‌ಗೆ ಮೊದಲು ಶೇ. 82ರಷ್ಟಿದ್ದ ಸರಿಯಾದ ತೀರ್ಪುಗಳ ಪ್ರಮಾಣ ಶೇ. 96ಕ್ಕೆ ಏರಿದೆ ಎಂದು ಪ್ರೀಮಿಯರ್ ಲೀಗ್ 2024ರಲ್ಲಿ ತಿಳಿಸಿತು. ಆದರೆ ಕೈ ತಾಗಿದ ಪ್ರಕರಣಗಳು ಹಾಗೂ ಫೌಲ್‌ಗಳಲ್ಲಿ ನಿಯಮದ ವ್ಯಾಖ್ಯಾನವೇ ನಿರ್ಣಾಯಕವಾಗುತ್ತದೆ. 2018ರ ವಿಶ್ವಕಪ್ ಫೈನಲ್‌ನಲ್ಲಿ ಕ್ರೊಯೇಷಿಯಾದ ಇವಾನ್ ಪೆರಿಸಿಚ್ ಅವರ ಕೈಗೆ ಚೆಂಡು ತಾಗಿದ ದೃಶ್ಯವನ್ನು ಪರದೆಯಲ್ಲಿ ನೋಡಿದ ರೆಫರಿ ನೆಸ್ಟರ್ ಪಿಟಾನಾ ಫ್ರಾನ್ಸ್‌ಗೆ ಪೆನಾಲ್ಟಿ ನೀಡಿದರು. ಅದೇ ದೃಶ್ಯವನ್ನು ನೋಡಿದವರಲ್ಲಿ ಆ ತೀರ್ಪಿನ ಕುರಿತು ಒಮ್ಮತ ಮೂಡಲಿಲ್ಲ.

ಟೀಕೆಗಳು

ಪರಿಶೀಲನೆಗೆ ಹಿಡಿಯುವ ಸಮಯ, ಗೋಲಿನ ಸಂಭ್ರಮವನ್ನು ತಡೆಹಿಡಿಯಬೇಕಾದ ಅನಿಶ್ಚಿತತೆ ಮತ್ತು ಕ್ರೀಡಾಂಗಣದ ಪ್ರೇಕ್ಷಕರಿಗೆ ಸಿಗದ ಮಾಹಿತಿ ಮುಖ್ಯ ಆಕ್ಷೇಪಗಳಾಗಿವೆ. ಕೊನೆಯ ಆಕ್ಷೇಪಕ್ಕೆ ಉತ್ತರವಾಗಿ 2023ರ ಮಹಿಳಾ ವಿಶ್ವಕಪ್‌ನಲ್ಲಿ ರೆಫರಿಗಳು ಪರಿಶೀಲನೆಯ ಫಲಿತಾಂಶವನ್ನು ಧ್ವನಿವರ್ಧಕದ ಮೂಲಕ ಘೋಷಿಸಿದರು.

ತಂತ್ರಜ್ಞಾನವಿದ್ದರೂ ಮಾನವ ದೋಷ ಉಳಿಯುತ್ತದೆ ಎಂಬುದಕ್ಕೆ 2023ರ ಸೆಪ್ಟೆಂಬರ್ 30ರಂದು ನಡೆದ ಟಾಟನ್‌ಹ್ಯಾಮ್–ಲಿವರ್‌ಪೂಲ್ ಪಂದ್ಯವನ್ನು ಉದಾಹರಿಸಲಾಗುತ್ತದೆ. ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಗಳಿಸಿದ ಗೋಲನ್ನು ಮೈದಾನದಲ್ಲಿ ಆಫ್‌ಸೈಡ್ ಎಂದು ನಿರಾಕರಿಸಲಾಗಿತ್ತು. ಅದು ಆಫ್‌ಸೈಡ್ ಅಲ್ಲವೆಂದು ಕಂಡರೂ, ಮೈದಾನದಲ್ಲಿ ಗೋಲು ನೀಡಲಾಗಿದೆಯೆಂದು ತಪ್ಪಾಗಿ ಭಾವಿಸಿದ ವಿಡಿಯೊ ರೆಫರಿ ಪರಿಶೀಲನೆ ಮುಗಿಯಿತೆಂದು ತಿಳಿಸಿದರು. ಆಟ ಮರಳಿ ಆರಂಭವಾದ್ದರಿಂದ ತಪ್ಪನ್ನು ಸರಿಪಡಿಸಲಾಗಲಿಲ್ಲ. ಲಿವರ್‌ಪೂಲ್ 2–1ರಿಂದ ಸೋತಿತು.

ವಿರೋಧ ಮತ್ತು ಪರ್ಯಾಯಗಳು

ವಿಎಆರ್ ರದ್ದುಪಡಿಸಬೇಕೆಂದು ವುಲ್ವರ್‌ಹ್ಯಾಂಪ್ಟನ್ ಕ್ಲಬ್ ಮಂಡಿಸಿದ ಪ್ರಸ್ತಾವವನ್ನು ಪ್ರೀಮಿಯರ್ ಲೀಗ್‌ನ ಕ್ಲಬ್‌ಗಳು 2024ರ ಜೂನ್‌ನಲ್ಲಿ 19–1 ಮತಗಳಿಂದ ತಿರಸ್ಕರಿಸಿದವು. ಕ್ಲಬ್‌ಗಳಲ್ಲಿ ಸದಸ್ಯರಾಗಿರುವ ಅಭಿಮಾನಿಗಳ ಮತಕ್ಕೆ ಬಹುಮತದ ಬಲವಿರುವ ಸ್ವೀಡನ್, ಈ ವ್ಯವಸ್ಥೆಯನ್ನು ಅಳವಡಿಸಿಕೊಳ್ಳದಿರಲು ನಿರ್ಧರಿಸಿತು. ನಾರ್ವೆಯಲ್ಲಿ ಪ್ರೇಕ್ಷಕರ ಪ್ರತಿಭಟನೆಯಿಂದ ಪಂದ್ಯವೇ ಸ್ಥಗಿತಗೊಂಡಿದ್ದರೂ, ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ಮಹಾಸಭೆ 2025ರಲ್ಲಿ ವಿಎಆರ್ ಮುಂದುವರಿಸಲು ಮತ ನೀಡಿತು. ಕಡಿಮೆ ವೆಚ್ಚದ ಪರ್ಯಾಯವಾಗಿ, ತರಬೇತುದಾರರೇ ಮರುವೀಕ್ಷಣೆಯನ್ನು ಕೋರುವ ಪದ್ಧತಿಯೂ ಪ್ರಯೋಗಕ್ಕೆ ಬಂದಿದೆ.

ಭಾರತದಲ್ಲಿ

2023ರ ಮಾರ್ಚ್ 3ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯ ನಡೆಯಿತು. ಹೆಚ್ಚುವರಿ ಅವಧಿಯಲ್ಲಿ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ, ಎದುರಾಳಿಗಳು ಸಜ್ಜಾಗುವ ಮೊದಲೇ ಫ್ರೀಕಿಕ್ ಒದ್ದು ಗೋಲು ಗಳಿಸಿದರು. ಇದನ್ನು ವಿರೋಧಿಸಿ ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ತೊರೆಯಿತು. ಲೀಗ್‌ನಲ್ಲಿ ಆಗ ವಿಎಆರ್ ಇರಲಿಲ್ಲ. ಘಟನೆಯ ನಂತರ ಅದರ ಅಗತ್ಯದ ಕುರಿತು ದೇಶದಲ್ಲಿ ಚರ್ಚೆ ತೀವ್ರಗೊಂಡಿತು. ಆದರೆ ವಿವಾದವಿದ್ದದ್ದು ಚೆಂಡು ಎಲ್ಲಿತ್ತು ಎಂಬುದರಲ್ಲಲ್ಲ, ಆ ಒದೆತಕ್ಕೆ ಅವಕಾಶವಿತ್ತೇ ಎಂಬುದರಲ್ಲಿ.