ಗಂಟು, ಹೊತ್ತು, ನೀರು: ಪಟ್ಟಣದಿಂದ ನಾಗಮಂಗಲದವರೆಗೆ ಕಡಿಮೆ ದುಡ್ಡಿನ ದಾರಿ

 

ಹೋದ ವಾರ ನನ್ನ ಚಿಕ್ಕಪ್ಪನ ಮಗ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದ. "ಅಕ್ಕಾ, ದಸರಾ ರಜೆ ಬಂತು. ನಾವು ಆರು ಜನ ಫ್ರೆಂಡ್ಸು. ತಲೆಗೆ ಎರಡು ಸಾವಿರ ಇದೆ, ಎರಡು ದಿನ ಇದೆ. ಎಲ್ಲಿಗೆ ಹೋಗಣ ಹೇಳು. ಮನೇಲಿ ಬಯ್ಯದಂಗೆ ವಾಪಸ್ ಬರ್ಬೇಕು." ಗೋವಾ ಅಂತ ಹೇಳ್ತೀನಿ ಅಂದ್ಕೊಂಡಿದ್ದ ಅನ್ಸುತ್ತೆ. ನಾನು ಹೇಳಿದ್ದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ. ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕು. "ಅಯ್ಯೋ, ನಮ್ಮೂರೇ ಅಲ್ವಾ ಅದು?" ಅಂದ. ನಮ್ಮೂರೇ. ಅದಕ್ಕೇ ಅಲ್ಲಿ ಜನ ಹೆಂಗೆ ಪ್ರಯಾಣ ಮಾಡ್ತಿದ್ರು ಅನ್ನೋ ಕಥೆ ನಮಗೆ ಗೊತ್ತಿರಲ್ಲ.

ನನಗೆ ಆ ಕಥೆ ಶುರುವಾಗಿದ್ದು ನಮ್ಮ ಅಜ್ಜಿಯಿಂದ. ಅಜ್ಜಿ ಕಿಕ್ಕೇರಿ ಕಡೆಯೋರು, ಕೆ.ಆರ್.ಪೇಟೆ ತಾಲ್ಲೂಕು. ಮದುವೆಯಾದ ಹೊಸತರಲ್ಲಿ ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ನಡ್ಕೊಂಡೇ ಹೋಗ್ತಿದ್ದರಂತೆ. ಹೆಗಲ ಮೇಲೆ ರೊಟ್ಟಿ ಬುತ್ತಿ, ಸೊಂಟದ ಮೇಲೆ ಮಗು. ಹೊರಡೋ ಮುಂಚೆ ನಮ್ಮ ಮುತ್ತಜ್ಜಿ ಮೂರು ಮಾತು ಹೇಳೋರಂತೆ. ಅದನ್ನೇ ಅಜ್ಜಿ ನಮಗೂ ಹೇಳ್ತಿದ್ರು: "ವಾಪಸ್ ಬರೋ ಕಾಸು ಬ್ಯಾರೆ ಗಂಟಲ್ ಇಕ್ಕು. ಹೊತ್ತು ಮುಳುಗಕ್ ಮುಂಚೆ ಊರು ಸೇರ್ಕೊ. ಗೊತ್ತಿಲ್ದಿರೋ ನೀರ್ಗೆ ಕಾಲ್ ಇಕ್ಬ್ಯಾಡ." ಗಂಟು, ಹೊತ್ತು, ನೀರು. ಇವತ್ತಿನ ಎಪಿಸೋಡ್ ಪೂರ್ತಿ ಈ ಮೂರು ಮಾತಿನ ಮೇಲೇ ನಿಂತಿದೆ.

ಮೊದಲು ಗಂಟು, ಅಂದ್ರೆ ದುಡ್ಡು.

ಹಳೇ ಕಾಲದಲ್ಲಿ ಬಡವರು ಹೆಂಗೆ ದೂರ ಹೋಗ್ತಿದ್ರು? ಬೇರೆಯವರು ಮಾಡಿಟ್ಟ ವ್ಯವಸ್ಥೆ ನಂಬಿಕೊಂಡು. ಕರ್ನಾಟಕದ ಶಾಸನಗಳಲ್ಲಿ ಅರವಟಿಗೆಗೆ, ಛತ್ರಕ್ಕೆ, ಕೆರೆಕಟ್ಟೆಗೆ ಅಂತ ದತ್ತಿ ಬಿಟ್ಟ ಸಂಗತಿಗಳು ಮತ್ತೆ ಮತ್ತೆ ಬರುತ್ತವೆ. ಅರವಟಿಗೆ ಅಂದ್ರೆ ದಾರಿಹೋಕರಿಗೆ ಪುಕ್ಕಟೆ ನೀರು, ಮಜ್ಜಿಗೆ ಕೊಡೋ ಜಾಗ. ಛತ್ರ ಅಂದ್ರೆ ರಾತ್ರಿ ತಲೆಗೊಂದು ಸೂರು. ಯಾರೋ ಒಬ್ಬರು ಹೊಲ ಬಿಟ್ಟುಕೊಟ್ಟಿದ್ದರಿಂದ, ಹೆಸರೇ ಗೊತ್ತಿಲ್ಲದ ಇನ್ಯಾರೋ ದಾರಿಯಲ್ಲಿ ಬಾಯಾರದೆ ನಡೆದರು. ನಮ್ಮ ಕಡೆ ಕಡಿಮೆ ದುಡ್ಡಿನ ಪ್ರಯಾಣ ಯಾವತ್ತೂ ನಡೆದಿದ್ದು ಹಿಂಗೇ.

ಶ್ರೀರಂಗಪಟ್ಟಣ ನೋಡಿ. ನಮ್ಮ ಕಡೆ ಬರೀ "ಪಟ್ಣ" ಅಂತೀವಿ. ಕಾವೇರಿ ಎರಡು ಕವಲಾಗಿ ಸುತ್ತಿಕೊಂಡಿರೋ ದ್ವೀಪ ಅದು. ರಾಜನಿಗೆ ನದಿ ಕಾವಲು, ಪ್ರಯಾಣಿಕನಿಗೆ ಅದೇ ನದಿ ಅಡ್ಡಿ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಸತ್ತು ಕೋಟೆ ಬಿದ್ದ ಮೇಲೆ ದಿವಾನ್ ಪೂರ್ಣಯ್ಯನವರು ಇಲ್ಲಿ ಕಲ್ಲಿನ ಕಂಬಗಳ ಮೇಲೆ ಒಂದು ಸೇತುವೆ ಕಟ್ಟಿಸಿದರು. 1804ರಲ್ಲಿ ಮುಗಿದ ಆ ಸೇತುವೆಗೆ ಗವರ್ನರ್ ಜನರಲ್ ವೆಲ್ಲೆಸ್ಲಿ ಹೆಸರು. 1882ರಲ್ಲಿ ಬೆಂಗಳೂರು–ಮೈಸೂರು ರೈಲು ಬಂತು. ಹಳಿ ಕೋಟೆಯನ್ನೇ ಸೀಳಿಕೊಂಡು ಹೋಯ್ತು. ಈಗಲೂ ನೀವು ಪಟ್ಟಣದ ಸ್ಟೇಷನ್ನಲ್ಲಿ ಇಳಿದರೆ ಕೋಟೆಯ ಒಳಗೇ ಇಳೀತೀರಿ, ರಂಗನಾಥಸ್ವಾಮಿ ದೇವಸ್ಥಾನಕ್ಕೆ ನಡೆದೇ ಹೋಗಬಹುದು. 2017ರಲ್ಲಿ ಜೋಡಿ ಹಳಿ ಹಾಕೋಕೆ ಟಿಪ್ಪು ಕಾಲದ ಒಂದು ಮದ್ದಿನ ಮನೆ ಅಡ್ಡ ಬಂದಾಗ ಅದನ್ನು ಕೆಡವದೆ, ಇಡೀ ಕಟ್ಟಡವನ್ನೇ ಎತ್ತಿ ಪಕ್ಕಕ್ಕೆ ಸರಿಸಿದರು. ರೈಲಿಂದ ಇಳಿದವರು ಅದನ್ನೊಂದು ಸಲ ನೋಡಿ.

ಈಗಿನ ಅರವಟಿಗೆ ಯಾವುದು ಅಂತ ಕೇಳಿದರೆ ನಾನು ಸರ್ಕಾರಿ ಬಸ್ಸು ಅಂತೀನಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ಕರ್ನಾಟಕದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಪುಕ್ಕಟೆ. ರಾಜಹಂಸ, ಎ.ಸಿ. ಬಸ್ಸುಗಳಿಗೆ ಇಲ್ಲ. ಇಲ್ಲಿನ ವಿಳಾಸ ಇರೋ ಗುರುತಿನ ಚೀಟಿ ಜೊತೇಲಿರಲಿ. ನಮ್ಮ ಅಜ್ಜಿ ಎರಡು ದಿನ ನಡೆದ ದಾರೀನ ಇವತ್ತು ನನ್ನ ತಂಗಿ ಸೊನ್ನೆ ರೂಪಾಯಿ ಟಿಕೆಟ್ಟಲ್ಲಿ ಕಿಟಕಿ ಪಕ್ಕ ಕೂತು ಹೋಗ್ತಾಳೆ. ಆ ಟಿಕೆಟ್ ನೋಡಿದಾಗೆಲ್ಲ ನನಗೆ ಅಜ್ಜಿಯ ಒಡೆದ ಹಿಮ್ಮಡಿ ನೆನಪಾಗುತ್ತೆ.

ಹಂಗಾಗಿ ಆರು ಜನಕ್ಕೆ ಕಾರು ಬಾಡಿಗೆ ಹಿಡಿಯೋ ಮುಂಚೆ ರೈಲು, ಬಸ್ಸು ಲೆಕ್ಕ ಹಾಕಿ. ಪಟ್ಟಣಕ್ಕೂ ಪಾಂಡವಪುರಕ್ಕೂ ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲೇ ಸ್ಟೇಷನ್ ಇದೆ. ಕೆ.ಆರ್.ಪೇಟೆ ಪೇಟೆಯೊಳಗೆ ರೈಲಿಲ್ಲ, ಆದರೆ ಮೈಸೂರು–ಹಾಸನ ಮಾರ್ಗದ ಅಕ್ಕಿಹೆಬ್ಬಾಳು ಅದೇ ತಾಲ್ಲೂಕು. ನಾಗಮಂಗಲ ಕಡೆಗೆ 2017ರಲ್ಲಿ ಶುರುವಾದ ಬೆಂಗಳೂರು–ಹಾಸನ ಮಾರ್ಗದಲ್ಲಿ ಬಿ.ಜಿ. ನಗರ ಸ್ಟೇಷನ್ ಇದೆ. ಸಣ್ಣ ಸ್ಟೇಷನ್ನುಗಳಲ್ಲಿ ಎಲ್ಲಾ ರೈಲೂ ನಿಲ್ಲಲ್ಲ, ಹೊರಡೋ ಮುಂಚೆ ಟೈಮ್ ನೋಡ್ಕೊಳ್ಳಿ. ಬೆಂಗಳೂರಿಂದ ಬೈಕಲ್ಲಿ ಬರೋರು ನೆನಪಿಡಿ, 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕು, ಆಟೋ ಬಿಡಲ್ಲ. ಸರ್ವಿಸ್ ರಸ್ತೆಯಲ್ಲೇ ಬರ್ಬೇಕು.

ಮತ್ತೆ ಅಜ್ಜಿಯ "ಬ್ಯಾರೆ ಗಂಟು". ಅಜ್ಜಿ ಅದನ್ನ ಸೆರಗಿನ ತುದಿಗೆ ಕಟ್ಕೊಂಡಿರೋರು. ನೀವು ಫೋನ್ ಕವರ್ ಒಳಗೆ ವಾಪಸ್ ಬರೋ ಖರ್ಚಿನಷ್ಟು ನೋಟು ಮಡಚಿಡಿ. ಯುಪಿಐ ಇದೆಯಲ್ಲ ಅಂತೀರಿ. ಬೆಟ್ಟದ ಮೇಲೆ ನೆಟ್‌ವರ್ಕ್ ಹೋದಾಗ, ಬ್ಯಾಟರಿ ಸತ್ತಾಗ, ಆ ನೋಟೇ ನಿಮ್ಮನ್ನ ಮನೆ ಸೇರಿಸೋದು.

ಎರಡನೇದು ಹೊತ್ತು.

ಹೊತ್ತು ಮುಳುಗಕ್ ಮುಂಚೆ ಊರು ಸೇರ್ಕೊ ಅನ್ನೋ ಮಾತು ಸುಮ್ನೆ ಬಂದಿದ್ದಲ್ಲ. ಈ ದಾರಿಗಳ ಮೇಲೆ ಸೈನ್ಯಗಳು ಓಡಾಡಿವೆ. 1771ರ ಮಾರ್ಚಿನಲ್ಲಿ ಚಿನಕುರಳಿ ಹತ್ತಿರ ಮರಾಠರು ಹೈದರಾಲಿಯನ್ನು ಸೋಲಿಸಿದರು, ಆಮೇಲೆ ಮೇಲುಕೋಟೆ ಲೂಟಿಯಾಯ್ತು. 1792ರಲ್ಲಿ ಪರಶುರಾಮ ಭಾವುವಿನ ಸೇನೆ ನಾಗಮಂಗಲವನ್ನು ಹಾಳುಗೆಡವಿತು. ಪಾಂಡವಪುರಕ್ಕೆ ಹಿರೋಡೆ ಅಂತ ಹಳೇ ಹೆಸರು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದಕ್ಕೆ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಅಂತ ಕರೆದರು. ಅಂಥ ಕಾಲದಲ್ಲಿ ಸಂಜೆ ಮೇಲೆ ದಾರೀಲಿ ಇರೋದು ಅಂದ್ರೆ ಪ್ರಾಣ ಒತ್ತೆ ಇಟ್ಟಂಗೆ.

ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಸ್ಕಾಟ್ಲೆಂಡಿನ ಡಾಕ್ಟರು ಕಂಪನಿ ಸರ್ಕಾರದ ಪರವಾಗಿ ಇಡೀ ಮೈಸೂರು ಸೀಮೆ ಸುತ್ತಿದ. ಶಿರಾ ಕಡೆಯಿಂದ ಹೊರಟು ಬೆಳ್ಳೂರು, ನಾಗಮಂಗಲ, ಮೇಲುಕೋಟೆ, ತೊಣ್ಣೂರು ದಾಟಿ ಪಟ್ಟಣಕ್ಕೆ ಬಂದ. ಒಂದೊಂದು ಕಡೆ ನಿಂತು ಮಣ್ಣು, ಬೆಳೆ, ಕೆರೆ, ಜನರ ಕಸುಬು ಎಲ್ಲಾ ಬರ್ಕೊಂಡ. ಅವನ ಪುಸ್ತಕ 1807ರಲ್ಲಿ ಅಚ್ಚಾಯ್ತು. ನಾಗಮಂಗಲದಿಂದ ಪಾಂಡವಪುರ, ಪಟ್ಟಣಕ್ಕೆ ಈಗ ಬಸ್ಸು ಓಡೋ ಹೆದ್ದಾರಿ ಹೆಚ್ಚು ಕಡಿಮೆ ಅವನ ದಾರಿಯ ಜೊತೆಗೇ ಸಾಗುತ್ತೆ. ಅವನು ದಿನಗಟ್ಟಲೆ ತಗೊಂಡ ದಾರೀನ ನಾವು ಒಂದು ಬೆಳಗ್ಗೆ ಮುಗಿಸಬಹುದು. ಆದರೆ ಅವನಷ್ಟು ನೋಡಿರಲ್ಲ.

ಅದಕ್ಕೇ ತಮ್ಮನಿಗೆ ಹೇಳಿದೆ: ಎರಡು ದಿನದಲ್ಲಿ ನಾಲ್ಕು ತಾಲ್ಲೂಕು ಮುಗಿಸೋಕೆ ಹೋಗ್ಬೇಡ. ಮೊದಲ ದಿನ ಬೆಳಗ್ಗೆ ರೈಲಲ್ಲಿ ಪಟ್ಟಣ. ಕೋಟೆ, 1784ರ ದರಿಯಾ ದೌಲತ್, ಹೈದರ್ ಮತ್ತು ಟಿಪ್ಪು ಮಲಗಿರೋ ಗುಂಬಜ್. ಮಧ್ಯಾಹ್ನ ಪಾಂಡವಪುರದ ಮೇಲೆ ಮೇಲುಕೋಟೆ. ಸಂಜೆ ಬೆಳಕಿರುವಾಗಲೇ ತಲುಪಿ ಅಲ್ಲೇ ಉಳ್ಕೊಳ್ಳಿ. ರೂಮಿಗೆ ಮೊದಲೇ ಫೋನ್ ಮಾಡಿ ಖಚಿತ ಮಾಡ್ಕೊಳ್ಳಿ. ರಾಮಾನುಜಾಚಾರ್ಯರು ವರ್ಷಗಟ್ಟಲೆ ಇದ್ದ ಊರು ಅದು, ಪು.ತಿ. ನರಸಿಂಹಾಚಾರ್ ಹುಟ್ಟಿದ ಊರು. ಬೆಳಗ್ಗೆ ಎದ್ದು ಯೋಗನರಸಿಂಹನ ಬೆಟ್ಟ ಹತ್ತಿ, ಇಳಿದು ಪುಳಿಯೋಗರೆ ತಿನ್ನಿ.

ಎರಡನೇ ದಿನ ಒಂದನ್ನ ಆರಿಸ್ಕೊಳ್ಳಿ. ನಾಗಮಂಗಲ ಆದ್ರೆ ಸೌಮ್ಯಕೇಶವ ದೇವಸ್ಥಾನ, ಕಂಬದಹಳ್ಳಿಯ ಜೈನ ಪಂಚಕೂಟ ಬಸದಿ, ನವಿಲುಗಳ ಆದಿಚುಂಚನಗಿರಿ. ಕೆ.ಆರ್.ಪೇಟೆ, ಅಂದ್ರೆ ಹಳೇ ಅತ್ತಿಗುಪ್ಪೆ ಆದ್ರೆ, ಪೇಟೆ ಪಕ್ಕದಲ್ಲೇ ಹೊಸಹೊಳಲಿನ ಲಕ್ಷ್ಮೀನಾರಾಯಣ, ಕಿಕ್ಕೇರಿಯಲ್ಲಿ 1171ರ ಬ್ರಹ್ಮೇಶ್ವರ. ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ್ದು ಇದೇ ಕಿಕ್ಕೇರಿಯಲ್ಲಿ. ಬೇಲೂರಿಗೆ ಸಾಟಿಯಾದ ಕೆತ್ತನೆಯನ್ನ ನೂಕುನುಗ್ಗಲಿಲ್ಲದೆ ನೋಡ್ಬೇಕು ಅಂದ್ರೆ ಹೊಸಹೊಳಲಿಗೆ ಹೋಗಿ. ಹಳ್ಳಿಗಳಿಗೆ ಸಂಜೆ ಕೊನೇ ಬಸ್ಸು ಬೇಗ ಹೋಗುತ್ತೆ. ಇಳಿದ ತಕ್ಷಣ ಕಂಡಕ್ಟರ್ ಹತ್ರ "ಅಣ್ಣಾ, ವಾಪಸ್ ಕೊನೇ ಬಸ್ಸು ಎಷ್ಟೊತ್ತಿಗೆ?" ಅಂತ ಕೇಳೋದು ರೂಢಿ ಮಾಡ್ಕೊಳ್ಳಿ. ಕೊನೇದನ್ನ ನಂಬದೆ ಅದರ ಹಿಂದಿನ ಬಸ್ಸು ಹಿಡೀರಿ.

ಒಂದು ಸ್ವಾರಸ್ಯ. ಚೆಲುವನಾರಾಯಣನ ವೈರಮುಡಿ ಕಿರೀಟ ಇರೋದು ಮಂಡ್ಯದ ಖಜಾನೆಯಲ್ಲಿ. ಉತ್ಸವದ ದಿನ ಪೊಲೀಸ್ ಕಾವಲಲ್ಲಿ ಪಟ್ಟಣ, ಪಾಂಡವಪುರದ ಮೇಲೆ ಮೇಲುಕೋಟೆಗೆ ಹೋಗುತ್ತೆ, ದಾರಿಯುದ್ದಕ್ಕೂ ಊರೂರಲ್ಲಿ ಪೂಜೆ. ಅದೂ ಹೊತ್ತು ನೋಡ್ಕೊಂಡೇ ಹೊರಡುತ್ತೆ. ದೇವರ ಕಿರೀಟಕ್ಕೇ ಅಷ್ಟು ಪ್ಲಾನ್ ಬೇಕು ಅಂದ್ರೆ ನಮಗೆ ಬೇಡ್ವಾ?

ಮೂರನೇದು ನೀರು. ಇಲ್ಲಿ ಸ್ವಲ್ಪ ನಿಧಾನಕ್ಕೆ ಮಾತಾಡ್ತೀನಿ.

ಈ ಸೀಮೆ ಬದುಕಿರೋದೇ ನೀರಿಂದ. 1911ರಲ್ಲಿ ಶುರುವಾಗಿ 1930ರ ದಶಕದ ಹೊತ್ತಿಗೆ ಮುಗಿದ ಕನ್ನಂಬಾಡಿ ಕಟ್ಟೆ, ಅದರಿಂದ ಹೊರಟ ವಿಶ್ವೇಶ್ವರಯ್ಯ ನಾಲೆ. ಮೊದಲು ಅದಕ್ಕೆ ಇರ್ವಿನ್ ನಾಲೆ ಅಂತಿದ್ರು. ಭತ್ತ, ಕಬ್ಬು, ನಮ್ಮ ಮನೆಗಳ ಓದು, ಮದುವೆ, ಎಲ್ಲಾ ಆ ನೀರಿನದೇ. ಆದರೆ ನಾಲೆ ಪಕ್ಕದ ರಸ್ತೆಗಳಲ್ಲಿ ಓಡಾಟ ಹೆಚ್ಚಿದಷ್ಟು ತಡೆಗೋಡೆ ಹೆಚ್ಚಲಿಲ್ಲ.

2018ರ ನವೆಂಬರ್ 24, ಶನಿವಾರ ಮಧ್ಯಾಹ್ನ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಒಂದು ಖಾಸಗಿ ಬಸ್ಸು ವಿ.ಸಿ. ನಾಲೆಗೆ ಉರುಳಿತು. 30 ಜನ ಸತ್ತರು. ಅದರಲ್ಲಿ ಸ್ಕೂಲ್ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅದೇ ರಾತ್ರಿ ಅಂಬರೀಶ್ ತೀರಿಕೊಂಡರು. ಮಂಡ್ಯಕ್ಕೆ ಒಂದೇ ದಿನ ಎರಡು ಸಾವಿನ ಸುದ್ದಿ. ಒಂದನ್ನು ನಾಡೆಲ್ಲ ನೆನಪಿಟ್ಟುಕೊಂಡಿದೆ. ಇನ್ನೊಂದು ಆ ಊರುಗಳ ಮನೆಗಳಲ್ಲಿ ಉಳ್ಕೊಂಡಿದೆ. ಆ 30 ಜನ ಪ್ರವಾಸಕ್ಕೆ ಹೊರಟವರಲ್ಲ, ದಿನದ ಬಸ್ಸು ಹತ್ತಿದವರು. ಅವರು ಯಾವ ತಪ್ಪೂ ಮಾಡಿರಲಿಲ್ಲ. ಅರವಟಿಗೆ ಕಟ್ಟಿದ ಊರಿನಲ್ಲಿ ಒಂದು ತಡೆಗೋಡೆ ಕಟ್ಟಬೇಕಿತ್ತು, ಅಷ್ಟೇ.

ಆದ್ದರಿಂದ ನಾಲೆ ಪಕ್ಕದ ರಸ್ತೆಯಲ್ಲಿ ಡ್ರೈವರ್ ಜೋರಾಗಿ ಓಡಿಸಿದ್ರೆ, ಫೋನ್ ಹಿಡ್ಕೊಂಡಿದ್ರೆ, ಬಾಯಿ ಬಿಟ್ಟು ಹೇಳಿ. ಸಂಕೋಚ ಬೇಡ. ರಾತ್ರಿ ಹೊತ್ತು ಗೊತ್ತಿಲ್ಲದ ಏರಿ ರಸ್ತೆಗೆ ಮ್ಯಾಪ್ ಕರ್ಕೊಂಡು ಹೋದ್ರೆ ಹೋಗ್ಬೇಡಿ, ಸುತ್ತಾದ್ರೂ ಮುಖ್ಯ ರಸ್ತೆ ಹಿಡೀರಿ.

ಇನ್ನು ಈಜು. ಪಟ್ಟಣದ ಸಂಗಮ, ಬಲಮುರಿ, ತೊಣ್ಣೂರು ಕೆರೆ, ಹೇಮಗಿರಿ. ಎಲ್ಲಾ ನೋಡೋಕೆ ಚೆಂದ. ಮೇಲೆ ನೀರು ಸುಮ್ಮನೆ ಮಲಗಿದಂಗೆ ಕಾಣುತ್ತೆ, ಕೆಳಗೆ ಬಂಡೆ ಸಂದಿ, ಸೆಳೆತ, ಇದ್ದಕ್ಕಿದ್ದಂತೆ ಆಳ. ಕೆ.ಆರ್.ಎಸ್. ಪೂರ್ಣ ಮಟ್ಟ 124.80 ಅಡಿ. ಅದರ ಹತ್ತಿರ ಬಂದಾಗ ಗೇಟು ತೆಗೀತಾರೆ, ಕೆಳಗೆ ನದಿ ಏರುತ್ತೆ. ರಂಗನತಿಟ್ಟಿನ ದೋಣಿ ವಿಹಾರವನ್ನೂ ಆಗ ನಿಲ್ಲಿಸ್ತಾರೆ. ಹೊರಡೋ ದಿನ ಬೆಳಗ್ಗೆ ಅಣೆಕಟ್ಟೆ ಮಟ್ಟದ ಸುದ್ದಿ ನೋಡಿ, ಒಂದು ನಿಮಿಷದ ಕೆಲಸ. ದಡದಲ್ಲಿ ಬೋರ್ಡ್ ಇದ್ರೆ ಓದಿ. ದನ ಮೇಯಿಸೋರು ಯಾರಾದ್ರೂ "ಇಳೀಬ್ಯಾಡಿ ಮಕ್ಳೇ" ಅಂದ್ರೆ, ಬೋರ್ಡಿಗಿಂತ ಮೊದಲು ಅವರ ಮಾತು ಕೇಳಿ. ಒಬ್ಬ ಮುಳುಗಿದ್ರೆ ಅವನ ಹಿಂದೆ ನೀವೂ ಹಾರ್ಬೇಡಿ. ಹಗ್ಗ, ಟವೆಲ್, ಉದ್ದ ಕೋಲು ಚಾಚಿ, ಕೂಗಿ, 112ಕ್ಕೆ ಫೋನ್ ಮಾಡಿ.

ತಮ್ಮ ಇಷ್ಟೂ ಕೇಳಿ ಒಂದೇ ಪ್ರಶ್ನೆ ಕೇಳಿದ: "ಅಕ್ಕಾ, ಹಂಗಾದ್ರೆ ನೀರಿಗೆ ಇಳಿಯೋದೇ ಬೇಡ್ವಾ?" ನಾನಂದೆ, ಮೇಲುಕೋಟೆ ಕಲ್ಯಾಣಿ ಮೆಟ್ಟಿಲ ಮೇಲೆ ಕೂತ್ಕೋ. ನಮ್ಮ ಅಜ್ಜಿ ಅಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ರು. ಕಾಲು ತಣ್ಣಗಾಗೋವಷ್ಟು ನೀರು ಸಾಕು ಅಂತಿದ್ರು.

ನಿನ್ನೆ ಅವನಿಂದ ಒಂದು ಫೋಟೋ ಬಂತು. ಟ್ರಿಪ್ಪಿನದಲ್ಲ, ಫೋನ್ ಕವರಿನದು. ಒಳಗೆ ಮಡಚಿದ ಐನೂರರ ನೋಟು. ಕೆಳಗೆ ಬರೆದಿದ್ದ: "ಬ್ಯಾರೆ ಗಂಟು."

ನಿಮ್ಮನೆ ಅಜ್ಜ ಅಜ್ಜಿ ಜಾತ್ರೆಗೆ ಹೆಂಗೆ ಹೋಗ್ತಿದ್ರು ಅಂತ ಈ ರಜೆಯಲ್ಲಿ ಕೇಳಿ, ನಮಗೂ ವಾಯ್ಸ್ ಮೆಸೇಜ್ ಕಳಿಸಿ. ಹುಷಾರಾಗಿ ಹೋಗಿ ಬನ್ನಿ. ಮುಂದಿನ ವಾರ ಸಿಗೋಣ.