ದಾನವೋ ಭೃತಿಯೋ: ಅಹಮದಾಬಾದಿನ ಗಿರಣಿ ವಿವಾದ

ದುಡಿಯುವವನಿಗೆ ಸಲ್ಲಬೇಕಾದ ಕೂಲಿ ಎಷ್ಟು? ಪೇಟೆಯಲ್ಲಿ ಆಳು ದೊರೆಯುವ ದರವೇ ಅದಕ್ಕೆ ಅಳತೆಗೋಲೋ, ಇಲ್ಲವೆ ಅವನ ಸಂಸಾರ ಮಾನದಿಂದ ಬದುಕಲು ತಗಲುವ ವೆಚ್ಚವೋ? ಅರ್ಥಶಾಸ್ತ್ರಜ್ಞರಿಗೆ ಎಷ್ಟೋ ಶ್ರಾವಕವ್ರತ ಹಿಡಿದ ಉದ್ಯಮಿಗೂ ಅಷ್ಟೇ ಸಂಬಂಧಿಸಿದ ಪ್ರಶ್ನೆಯಿದು. 1918ರಲ್ಲಿ ಅಹಮದಾಬಾದಿನಲ್ಲಿ ಇದು ಬೀದಿಗೆ ಬಂದು ನಿಂತಿತು. ಅದೂ ಒಂದೇ ಜೈನ ಮನೆತನದ ಅಕ್ಕ-ತಮ್ಮಂದಿರನ್ನು ಎದುರುಬದುರಾಗಿ ನಿಲ್ಲಿಸಿತು.

ಹಿಂದಿನ ವರ್ಷ ನಗರಕ್ಕೆ ಪ್ಲೇಗು ತಗುಲಿತ್ತು. ಜನ ಊರು ಬಿಡತೊಡಗಿದರು. ಮಹಾಯುದ್ಧದ ಕಾಲವಾದ್ದರಿಂದ ಬಟ್ಟೆಗೆ ಬೇಡಿಕೆಯಿತ್ತು, ಮಗ್ಗಗಳು ನಿಲ್ಲುವಂತಿರಲಿಲ್ಲ. ನೇಕಾರರನ್ನು ಉಳಿಸಿಕೊಳ್ಳಲು ಮಾಲೀಕರು ‘ಪ್ಲೇಗ್ ಬೋನಸ್’ ಕೊಟ್ಟರು. ಕೆಲವೆಡೆ ಅದು ಮೂಲ ಕೂಲಿಯ ಶೇಕಡಾ 70-80ರಷ್ಟಿತ್ತು. 1918ರ ಜನವರಿಯ ಹೊತ್ತಿಗೆ ರೋಗ ಇಳಿಯಿತು, ಆದರೆ ಧಾನ್ಯದ ಬೆಲೆ ಇಳಿಯಲಿಲ್ಲ. ಬೋನಸ್ ಮಾತ್ರ ರದ್ದಾಯಿತು. ಗಿರಣಿಗೆ ಆಳು ಬೇಕಾದಾಗ ಕೊಟ್ಟದ್ದನ್ನು ಆಳಿಗೆ ಅದು ಬೇಕಾದಾಗ ನಿಲ್ಲಿಸಲಾಯಿತು. ಹೆಚ್ಚಿನ ಕೂಲಿ ತೆರುವ ಶಕ್ತಿ ಉದ್ಯಮಕ್ಕಿಲ್ಲವೆಂಬ ವಾದ ಆ ಸಂದರ್ಭದಲ್ಲಿ ಏಕೆ ದುರ್ಬಲವಾಗಿತ್ತೆಂಬುದನ್ನು ಆ ಬೋನಸ್ಸೇ ತಿಳಿಸುತ್ತದೆ.

ಮಾಲೀಕರ ಪಕ್ಷದ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಪಕ್ಷದಲ್ಲಿ ಅವರ ಅಕ್ಕ ಅನಸೂಯಾಬೆನ್. ಬಾಲ್ಯವಿವಾಹದ ಬಂಧನದಿಂದ ಬಿಡಿಸಿಕೊಂಡು ವೈದ್ಯಕೀಯ ಓದಲು ಇಂಗ್ಲೆಂಡಿಗೆ ಹೋದ ಅವರು, ಪ್ರಾಣಿಗಳ ದೇಹಚ್ಛೇದನ ಅನಿವಾರ್ಯವೆಂದು ತಿಳಿದಾಗ ಆ ವ್ಯಾಸಂಗವನ್ನೇ ತೊರೆದು ಸಮಾಜಶಾಸ್ತ್ರದ ಕಡೆಗೆ ತಿರುಗಿದವರು. ಮರಳಿ ಬಂದ ಮೇಲೆ, ಸತತ 36 ಗಂಟೆ ದುಡಿದು ಜೀವವಿಲ್ಲದವರಂತೆ ಮನೆಗೆ ನಡೆಯುತ್ತಿದ್ದ ಕಾರ್ಮಿಕರ ಗುಂಪೊಂದನ್ನು ಕಂಡದ್ದು ಅವರ ಬದುಕಿನ ದಾರಿಯನ್ನು ಬದಲಿಸಿತು. ಕಪ್ಪೆಯ ದೇಹವನ್ನು ಕೊಯ್ಯಲು ಒಪ್ಪದ ಅಹಿಂಸೆಗೆ ಗಿರಣಿಯ ಬಾಗಿಲಲ್ಲಿ ಕಂಡ ಈ ದಣಿವನ್ನೂ ಹಿಂಸೆಯೆಂದು ಗುರುತಿಸುವುದು ಕಷ್ಟವಾಗಲಿಲ್ಲ. ನಗರದ ಬಹುಮಂದಿ ಧರ್ಮಾತ್ಮರಿಗೆ ಅದು ಕಾಣದೆ ಹೋಯಿತು.

ಕಾರ್ಮಿಕರು ಶೇಕಡಾ 50ರಷ್ಟು ಹೆಚ್ಚಳ ಕೇಳಿದರು. ಮಾಲೀಕರು ಶೇಕಡಾ 20ಕ್ಕಿಂತ ಮೇಲೇರಲಿಲ್ಲ. ಪಂಚಾಯ್ತಿಯ ಏರ್ಪಾಡು ಮುರಿದುಬಿದ್ದು ಫೆಬ್ರವರಿ 22ರಂದು ಗಿರಣಿಗಳಿಗೆ ಬೀಗ ಬಿತ್ತು. ಗಾಂಧೀಜಿ, ವಲ್ಲಭಭಾಯಿ ಪಟೇಲ್ ಮತ್ತು ಶಂಕರಲಾಲ್ ಬ್ಯಾಂಕರ್ ಬೆಲೆಗಳನ್ನೂ ಮುಂಬಯಿಯ ಕೂಲಿದರಗಳನ್ನೂ ತೂಗಿನೋಡಿ 35 ನ್ಯಾಯವೆಂದು ನಿರ್ಧರಿಸಿದರು. ಕಾರ್ಮಿಕರ ಬೇಡಿಕೆಯನ್ನು ತಗ್ಗಿಸಿದ ಮೇಲೆಯೇ ಮಾಲೀಕರೊಡನೆ ಹೋರಾಟ ಆರಂಭವಾದದ್ದು ಗಮನಾರ್ಹ. ಸಾಬರಮತಿಯ ದಡದ ಜಾಲಿಯ ಮರದಡಿ ಪ್ರತಿದಿನ ಸಭೆ ಸೇರುತ್ತಿತ್ತು. ಶಾಂತಿಗೆಡುವುದಿಲ್ಲವೆಂದೂ 35 ದೊರೆಯದೆ ಕೆಲಸಕ್ಕೆ ಮರಳುವುದಿಲ್ಲವೆಂದೂ ಕಾರ್ಮಿಕರು ಪ್ರತಿಜ್ಞೆ ಮಾಡಿದ್ದರು.

ಮಾಲೀಕರ ಮುಖ್ಯ ಆಕ್ಷೇಪ ಹಣದ್ದಾಗಿರಲಿಲ್ಲ. ತಮಗೂ ಕಾರ್ಮಿಕರಿಗೂ ಇರುವುದು ತಂದೆ-ಮಕ್ಕಳ ಸಂಬಂಧ, ನಡುವೆ ಮೂರನೆಯವರಿಗೇನು ಕೆಲಸ ಎಂಬುದು ಅವರ ನಿಲುವು. ಇದೇ ಅಂಬಾಲಾಲರು ಹಿಂದೆ, ಅಸ್ಪೃಶ್ಯ ಕುಟುಂಬವನ್ನು ಸೇರಿಸಿಕೊಂಡದ್ದಕ್ಕಾಗಿ ಗಾಂಧೀಜಿಯವರ ಆಶ್ರಮಕ್ಕೆ ನೆರವು ನಿಂತಾಗ, ಹೆಸರು ಹೇಳಿಕೊಳ್ಳದೆ 13,000 ರೂಪಾಯಿ ಕೊಟ್ಟವರೆಂದು ಇತಿಹಾಸಕಾರರು ಗುರುತಿಸುತ್ತಾರೆ. ಅಂಥವರನ್ನು ಲೋಭಿಯೆಂದು ಕರೆಯುವುದು ಅನ್ಯಾಯ. ದಾನಕ್ಕೆ ಚಾಚುವ ಕೈ ಭೃತಿಗೆ ಹಿಂಜರಿದದ್ದೇಕೆ? ದಾನದಲ್ಲಿ ಪ್ರಮಾಣವನ್ನು ನಿಶ್ಚಯಿಸುವವನು ದಾನಿ. ಹಕ್ಕಿನ ಕೂಲಿಯಲ್ಲಿ ಆ ಅಧಿಕಾರ ಅವನೊಬ್ಬನಲ್ಲಿ ಉಳಿಯುವುದಿಲ್ಲ. 20ಕ್ಕೂ 35ಕ್ಕೂ ನಡುವಿನ ವ್ಯಾಜ್ಯ ಬಹುಮಟ್ಟಿಗೆ ಈ ಅಧಿಕಾರದ ವ್ಯಾಜ್ಯ.

ಹೋರಾಟದ ಕರಪತ್ರವೊಂದು ನಗರದ ಜೈನ ಮತ್ತು ವೈಷ್ಣವ ಮಾಲೀಕರ ಧರ್ಮಬುದ್ಧಿಯನ್ನೇ ನೇರವಾಗಿ ಮುಟ್ಟಿತ್ತು. ಈ ಮೊರೆ ಬರಿಯ ಮಾತಿನ ಚಮತ್ಕಾರವಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಅನ್ನಪಾನನಿರೋಧವೂ ಸೇರಿವೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಪರಿಗ್ರಹಪರಿಮಾಣ ವ್ರತದ ಅತಿಚಾರಗಳಲ್ಲಿಯೂ ಅತಿಲೋಭದ ಪಕ್ಕದಲ್ಲೇ ಅತಿವಾಹನ, ಅತಿಭಾರವಾಹನಗಳನ್ನು ಎಣಿಸುತ್ತದೆ. ಶಕ್ತಿ ಮೀರಿ ದುಡಿಸುವುದು ಹಿಂಸೆಯ ಲೆಕ್ಕಕ್ಕೂ ಸಂಗ್ರಹದ ಲೆಕ್ಕಕ್ಕೂ ಬೀಳುತ್ತದೆಂದಾಯಿತು. ಎತ್ತಿನ ಹೊರೆಯನ್ನು ಕುರಿತು ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಪರಂಪರೆ ನೂಲು ಹಿಡಿದ ಮನುಷ್ಯನ ತಟ್ಟೆಯನ್ನು ಅಳೆಯದೆ ಬಿಟ್ಟೀತೆ?

ಮಾರ್ಚ್ 12ರಂದು, ಶೇಕಡಾ 20ಕ್ಕೆ ಒಪ್ಪುವವರಿಗಾಗಿ ಗಿರಣಿಗಳು ತೆರೆದವು. ಹಸಿದ ಕಾರ್ಮಿಕರು ಅಳುಕತೊಡಗಿದರು. ಉಪದೇಶ ಮಾಡುವವರು ಕಾರಿನಲ್ಲಿ ಬರುತ್ತಾರೆ, ಹೊಟ್ಟೆತುಂಬ ಉಣ್ಣುತ್ತಾರೆ ಎಂಬ ಕಹಿಮಾತು ಗಾಂಧೀಜಿಯವರ ಕಿವಿಗೆ ಬಿತ್ತು. 15ರಂದು ಅವರು ಉಪವಾಸ ಹೂಡಿದರು. ಮಾಲೀಕರು ತಮಗೆ ಆಪ್ತರಾದ್ದರಿಂದ ಆ ಉಪವಾಸ ಅವರ ಮೇಲೆ ಒತ್ತಡ ತಂದಿತು, ಅದು ದೋಷಮುಕ್ತವಲ್ಲ ಎಂದು ಮುಂದೆ ಅವರೇ ಒಪ್ಪಿಕೊಂಡರು. 18ರಂದು ಆದ ಒಪ್ಪಂದ ವಿಚಿತ್ರವಾದದ್ದು: ಕಾರ್ಮಿಕರ ಪ್ರತಿಜ್ಞೆ ಉಳಿಯಲೆಂದು ಮೊದಲ ದಿನ 35, ಮಾಲೀಕರ ಹಟ ಉಳಿಯಲೆಂದು ಎರಡನೆಯ ದಿನ 20, ಮೂರನೆಯ ದಿನದಿಂದ ತೀರ್ಪಿನವರೆಗೆ 27½. ಪಂಚರಾದ ಪ್ರಾಧ್ಯಾಪಕ ಆನಂದಶಂಕರ ಧ್ರುವ ಅವರು ಆಗಸ್ಟಿನಲ್ಲಿ ಇತ್ತ ತೀರ್ಪು ಶೇಕಡಾ 35. 1920ರಲ್ಲಿ ಅನಸೂಯಾಬೆನ್ ಅವರ ನೇತೃತ್ವದಲ್ಲಿ ‘ಮಜೂರ್ ಮಹಾಜನ್’ ಸ್ಥಾಪನೆಯಾಯಿತು. ಗುಜರಾತಿನಲ್ಲಿ ವರ್ತಕರ ಶ್ರೇಣಿಗಳಿಗಿದ್ದ ‘ಮಹಾಜನ’ ಎಂಬ ಹೆಸರನ್ನು ಕೂಲಿಕಾರರ ಸಂಘ ಧರಿಸಿತು.

ಸ್ವಾತಂತ್ರ್ಯಾನಂತರ ಈ ವಾದ ಕಾನೂನಿನ ಭಾಷೆ ಪಡೆಯಿತು. ಕನಿಷ್ಠ ವೇತನ ಕಾಯಿದೆ ಬಂದದ್ದು 1948ರಲ್ಲಿ. ನ್ಯಾಯೋಚಿತ ವೇತನ ಸಮಿತಿಯು ಕನಿಷ್ಠ, ನ್ಯಾಯೋಚಿತ, ಜೀವನಯೋಗ್ಯ ಎಂದು ವೇತನದ ಮೂರು ಮೆಟ್ಟಿಲುಗಳನ್ನು ಗುರುತಿಸಿತು. ಸಂವಿಧಾನದ 43ನೆಯ ಅನುಚ್ಛೇದ ಮೂರನೆಯ ಮೆಟ್ಟಿಲನ್ನು ಗುರಿಯಾಗಿ ಇರಿಸಿತಾದರೂ ಅದು ನಿರ್ದೇಶಕ ತತ್ತ್ವ. ನ್ಯಾಯಾಲಯದಲ್ಲಿ ಕೇಳಿ ಪಡೆಯುವಂಥದ್ದಲ್ಲ. ಕೂಲಿ ಏರಿದರೆ ಕಾರ್ಖಾನೆ ಮುಚ್ಚಿ ಇದ್ದ ಕೆಲಸವೂ ಹೋದೀತೆಂಬ ಭಯವನ್ನು ಸಣ್ಣ ಉದ್ಯಮಿ ಆಡಿದಾಗ ಅದನ್ನು ನೆಪವೆಂದು ತಳ್ಳಿಹಾಕಲಾಗದು. ಆದರೂ ಕನಿಷ್ಠ ವೇತನವನ್ನೂ ತೆರಲಾರದ ಉದ್ದಿಮೆಗೆ ಉಳಿಯುವ ಹಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಕ್ರೌನ್ ಅಲ್ಯುಮಿನಿಯಂ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಆ ಕನಿಷ್ಠಕ್ಕೆ ಅಂಕಿಗಳನ್ನು ಇತ್ತದ್ದು 1957ರ ಭಾರತೀಯ ಕಾರ್ಮಿಕ ಸಮ್ಮೇಳನ: ಗಂಡ, ಹೆಂಡತಿ, ಇಬ್ಬರು ಮಕ್ಕಳು ಸೇರಿ ಮೂರು ಬಳಕೆಯ ಘಟಕಗಳು, ಘಟಕಕ್ಕೆ 2,700 ಕ್ಯಾಲೊರಿ ಆಹಾರ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಜೊತೆಗೆ ಬಾಡಿಗೆ, ಅದಲ್ಲದೆ ಸೌದೆ, ದೀಪ ಮೊದಲಾದವುಗಳಿಗೆ ಶೇಕಡಾ 20. ಮಕ್ಕಳ ಓದು, ಔಷಧ, ಹಬ್ಬ, ಮುಪ್ಪು, ಮದುವೆಗಳಿಗಾಗಿ ಶೇಕಡಾ 25ನ್ನು ಸರ್ವೋಚ್ಚ ನ್ಯಾಯಾಲಯ ಕೂಡಿಸಿದ್ದು 1991ರಲ್ಲಿ, ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ. ದುಡಿಯುವವನ ಸ್ವಂತ ಮುಪ್ಪು ಹೀಗೆ ಲೆಕ್ಕಕ್ಕೆ ಬಂತು. ಅವನ ಮನೆಯಲ್ಲಿ ಈಗಾಗಲೇ ಮುದುಕರಾಗಿರುವ ತಂದೆ-ತಾಯಿಯರ ಊಟಕ್ಕೆ ಮಾತ್ರ ಆ ಮೂರು ಘಟಕಗಳಲ್ಲಿ ಸ್ಥಾನವಿರಲಿಲ್ಲ.